ಬಿಟ್ಟ ಸ್ಥಳ ತುಂಬಿರಿ

ನಾಳೆ ಸಮಾಜ ಪರೀಕ್ಷೆ. ರಾತ್ರಿ ಹತ್ತಾದರೂ
ನಿಹಾರಿ ಊಟದ ಚಾಪೆಯ ಮೇಲೆ ಪುಸ್ತಕ ಹರಡಿ
ನಾವು ಬಾಡಿಗೆಗಿರುವ ದೇಶವನ್ನು
ಉರು ಹೊಡೆಯುತ್ತಿದ್ದಾಳೆ.
ದೇಶ ಬಹ್ರೇನ್. ರಾಜಧಾನಿ ಮನಾಮ. ನದಿ ಇಲ್ಲ.
ಎಲ್ಲಕ್ಕಿಂತ ಎತ್ತರದ್ದು ಹೊಗೆಬೆಟ್ಟ,
ನೂರ ಮೂವತ್ತನಾಲ್ಕು ಮೀಟರು.
"ಅಷ್ಟೇಯಾ?" ಒಳಗಿನಿಂದ ಅವಳಮ್ಮ,
"ಮಾಜಾಳಿ ಬದಿಗೆ ಅದಕ್ಕೆ ಗುಡ್ಡೆ ಅಂತಾರೆ,
ಸೌದೆಗೆ ಹೋಗಿ ಬರ್ತಾರೆ."

ದ್ವೀಪ ಎಷ್ಟು? ಮೂವತ್ತಮೂರು, ಪುಸ್ತಕದ ಪ್ರಕಾರ.
ನಾನು ಎಣಿಸುವುದು ಬಿಟ್ಟು ಆರು ವರ್ಷವಾಯಿತು.
ಎಣಿಕೆ ಕೆಡಿಸುವುದೇ ನನ್ನ ಉದ್ಯೋಗ:
ಸಿತ್ರಾದಾಚೆ ದೋಣಿಯಂಚಿಗೆ ಅಳತೆಗೋಲು ಹಿಡಿದು ನಿಂತು
ಕಡಲ ತಳದ ಮರಳು ಪೈಪಿನಲ್ಲಿ ಗುಡುಗುಡು ಬಂದು
ನೀರಿದ್ದಲ್ಲಿ ನೆಲವಾಗಿ ಬೀಳುವುದನ್ನು
ಸೆಂಟಿಮೀಟರಿನಲ್ಲಿ ಬರೆದುಕೊಳ್ಳುವುದು.
ಬೆಳಗ್ಗೆ ತೊರಕೆ ಮೀನು ಸುಳಿದಾಡಿದ ಜಾಗದಲ್ಲಿ
ಸಂಜೆ ಬರಿಸಾಲಿನ ತುಫೈಲ್ ಬೂಟು ಕಳಚಿಟ್ಟು
ನಮಾಜಿಗೆ ನಿಂತ.
ಆ ನೆಲಕ್ಕೆ ಆಗಿನ್ನೂ ಮೂರು ಗಂಟೆ ವಯಸ್ಸು.

"ಅಪ್ಪಾ, ವಿಸ್ತೀರ್ಣ? ಬಿಟ್ಟ ಸ್ಥಳಕ್ಕೆ ಬರ್ತದೆ, ಒಂದು ಅಂಕ."
ಪುಸ್ತಕದಲ್ಲಿ ಏಳುನೂರ ಹನ್ನೊಂದು ಚದರ ಕಿಲೋಮೀಟರು,
ಬೋರ್ಡಿನ ಮೇಲೆ ಟೀಚರು ಬರೆದದ್ದು ಏಳುನೂರ ಅರವತ್ತು.
ಎರಡೂ ತಪ್ಪಲ್ಲ ಮಗಳೇ,
ಒಂದೊಂದೂ ಅದರದರ ದಿನಕ್ಕೆ ಸರಿ.
ಇವತ್ತಿನದು ಕೇಳಿದರೆ
ನಾಲ್ಕೂವರೆಯ ಶಿಫ್ಟಿನ ತನಕದ್ದು ಹೇಳಿಯೇನು,
ರಾತ್ರಿಪಾಳಿಯದು ನನಗೆ ಗೊತ್ತಿಲ್ಲ.

ಹೆಸರಿನ ಅರ್ಥ: ಎರಡು ಕಡಲು.
ಇದನ್ನು ಅವಳಿಗಿಂತ ಮೊದಲು ನನಗೆ ಕಲಿಸಿದ್ದು
ಜೆಟ್ಟಿಯ ಕಾವಲುಗಾರ ಹಾಜಿ ಮಕ್ಕಿ.
ಅವನಪ್ಪ ಮುತ್ತಿಗೆ ಮುಳುಗುತ್ತಿದ್ದವನಂತೆ,
ಮೂಗಿಗೆ ಚಿಮಟ, ಕಾಲಿಗೆ ಕಲ್ಲು.
ಬಾಯಾರಿದರೆ ದಡಕ್ಕೆ ಬರುತ್ತಿರಲಿಲ್ಲ,
ಇನ್ನೂ ಕೆಳಗೆ ಹೋಗುತ್ತಿದ್ದನಂತೆ!
ಉಪ್ಪುನೀರಿನ ತಳದಲ್ಲಿ ಸಿಹಿನೀರ ಒರತೆ,
ಅದರ ಬಾಯಿಗೆ ಚರ್ಮದ ಚೀಲ ಹಿಡಿದು
ತುಂಬಿಕೊಂಡು ಮೇಲೆ.
ಮೇಲೊಂದು ಕಡಲು, ಕೆಳಗೊಂದು.
"ನಿನ್ನ ನಕ್ಷೆಯಲ್ಲಿ ಆ ಒರತೆ ಎಲ್ಲಿದೆ, ತೋರಿಸು," ಅಂದ.
ಹಾಳೆ ಬಿಚ್ಚಿದೆ. ಅಂಕಿಗಳಿದ್ದವು.
ಅವನು ಬೆರಳಿಟ್ಟ ಕಡೆ ನನ್ನದೇ ಕೈಬರಹ:
ಭರ್ತಿ, ಒಂಬತ್ತು ಮೀಟರು.
ಅದು ಬತ್ತಿ ಎಷ್ಟೋ ವರ್ಷವಾಯಿತು ಬಿಡು,
ಅವನೇ ನನ್ನನ್ನು ಸಮಾಧಾನ ಮಾಡಿ
ಸುಲೈಮಾನಿ ಚಹಾ ಕುಡಿಸಿದ.
ನನ್ನ ಅಜ್ಜ ರಂಪಣಿ ಎಳೆದವನು, ಕಡಲಿಗೆ ಕೈಮುಗಿಯದೆ
ಹಗ್ಗ ಮುಟ್ಟಿದವನಲ್ಲ. ಇದನ್ನು ಹಾಜಿಗೆ ಹೇಳಲಿಲ್ಲ.

"ಸರ್ಕಾರ?" ಅರಸೊತ್ತಿಗೆ. ಸದನ ಎರಡು,
ಒಂದೊಂದರಲ್ಲಿ ನಲವತ್ತು ಮಂದಿ.
ಒಂದಕ್ಕೆ ಅರಸರು ನೇಮಿಸುತ್ತಾರೆ, ಇನ್ನೊಂದಕ್ಕೆ ಜನ ಆರಿಸುತ್ತಾರೆ.
"ಜನ ಅಂದ್ರೆ ನಾವೂ ಸೇರಿ?"
ಒಳಗೆ ಪಾತ್ರೆಯ ಸದ್ದು ನಿಂತಿತು.
ಜನಸಂಖ್ಯೆಯ ಪ್ರಶ್ನೆಗೆ ನಾವಿದ್ದೇವೆ, ಮಗಳೇ,
ನಮ್ಮಂಥವರೇ ಅರ್ಧಕ್ಕೆ ಅರ್ಧ.
ಮತದ ಪ್ರಶ್ನೆಗೆ ಇಲ್ಲ.
ಹಾಗಂತ ಬರೆಯಬೇಡ, ಅದನ್ನು ಕೇಳಿಲ್ಲವಲ್ಲ.
ಊರಿನ ಪಟ್ಟಿಯಲ್ಲಿ ಹೋದ ಸಲ ನನ್ನ ಹೆಸರಿನ ಮುಂದೆ
ಯಾರದೋ ಗಡ್ಡದ ಫೋಟೋ ಇತ್ತು,
ಅವನಾದರೂ ಹಾಕಿ ಬಂದಿರಬೇಕು.

ಅವಳು ಪೆನ್ಸಿಲು ಕಚ್ಚುತ್ತಾ
ಗೆರೆಯ ಮೇಲೆ ಏಳುನೂರ ಅರವತ್ತು ಬರೆದು,
ಬಾಗಿಲ ಬಳಿ ಬಿಟ್ಟ ನನ್ನ ಬೂಟಿನ ಕಡೆ ನೋಡಿದಳು.
ಸುತ್ತ ಒಂದಿಷ್ಟು ಬೂದುಮರಳು,
ಕಪ್ಪೆಚಿಪ್ಪಿನ ಚೂರು.

"ಇದನ್ನ ಕಳೀಬೇಕಾ, ಅಪ್ಪಾ?"

ನಾನು ಉತ್ತರ ಹುಡುಕುವಷ್ಟರಲ್ಲಿ
ಅವಳಮ್ಮ ಕಸಬರಿಗೆ ತಂದಳು.